ಗಸಿಯ ಮೇಲೆ ಮಾಗುವ ಬಿಳಿ ವೈನು



ಅಗ್ಗದ ವೈನೆಂದರೆ ಕಳಪೆ ವೈನು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿ, ಲ್ವಾರ್ ನದಿ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ನಾಂತ್ ನಗರದ ಸುತ್ತ ತಯಾರಾಗುವ ಮುಸ್ಕಾದೆ ಎಂಬ ಬಿಳಿ ವೈನು ಈ ಮಾತಿಗೆ ಅಪವಾದ. ಬೆಲೆ ಕಡಿಮೆ, ಸಿಹಿ ಇಲ್ಲ, ಮದ್ಯಸಾರ ಶೇಕಡ 12ರ ಆಸುಪಾಸು. ಊಟದ ಜೊತೆಗೆಂದೇ ಮಾಡಿದ ವೈನು ಇದು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ವೈನಿಗಾಗಿ ಬೆಳೆಯುವ ಶೆನಿನ್ ಬ್ಲಾಂಕ್, ಸಾವಿನ್ಯೋನ್ ಬ್ಲಾಂಕ್ ತಳಿಗಳೂ ಇದೇ ಲ್ವಾರ್ ಕಣಿವೆಯಲ್ಲಿ ಹೆಸರಾದವು. ಆದ್ದರಿಂದ ಅಲ್ಲಿಯ ಕ್ರಮವನ್ನು ನೀವು ತಿಳಿದಿರುವುದು ಉಪಯುಕ್ತ.

ಮುಸ್ಕಾದೆಯ ತಳಿ ಮೆಲೋನ್. ಇದರ ಮೂಲ ಬರ್ಗಂಡಿ ಪ್ರಾಂತ. 1709ರ ಭೀಕರ ಚಳಿಗೆ ನಾಂತ್ ಸುತ್ತಲಿನ ತೋಟಗಳು ಹಾಳಾದ ಮೇಲೆ, ಚಳಿ ತಡೆಯುವ ಗುಣವಿದ್ದ ಈ ತಳಿಯನ್ನು ಹೆಚ್ಚಾಗಿ ನೆಟ್ಟರು. ಹಣ್ಣಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ.

ಗಸಿ ಏಕೆ ಬೇಕು?

ಹುದುಗುವಿಕೆ ಮುಗಿದಾಗ ಸತ್ತ ಯೀಸ್ಟ್ ಕಣಗಳು ತೊಟ್ಟಿಯ ತಳದಲ್ಲಿ ಗಸಿಯಾಗಿ ಕೂಡುತ್ತವೆ. ಸಾಮಾನ್ಯವಾಗಿ ತಿಳಿಯನ್ನು ಬೇಗ ಬೇರೆ ತೊಟ್ಟಿಗೆ ಬಸಿಯುತ್ತಾರೆ. ಮುಸ್ಕಾದೆಯವರು ಚಳಿಗಾಲ ಕಳೆಯುವವರೆಗೆ ಅದನ್ನು ಗಸಿಯ ಮೇಲೆಯೇ ಬಿಟ್ಟು, ನಡುವೆ ಬಸಿಯದೆ ನೇರವಾಗಿ ಸೀಸೆಗೆ ತುಂಬುತ್ತಾರೆ. ಈ ಕ್ರಮಕ್ಕೆ 'ಸ್ಯೂರ್ ಲಿ', ಅಂದರೆ ಗಸಿಯ ಮೇಲೆ, ಎಂದು ಹೆಸರು. ಸುಗ್ಗಿಯ ಮರುವರ್ಷ ಮಾರ್ಚ್ 1ಕ್ಕೆ ಮೊದಲು ಸೀಸೆಗೆ ತುಂಬಿದ್ದಕ್ಕೆ ಈ ಹೆಸರು ಹಾಕುವಂತಿಲ್ಲ. ಯೀಸ್ಟ್ ಕಣಗಳು ಒಡೆದು ವೈನಿಗೆ ಮೈದುಂಬಿದ ರುಚಿ ಬರುತ್ತದೆ. ಗಸಿ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ತಾಜಾತನ ಉಳಿಯುತ್ತದೆ. ಉಳಿದ ಅಲ್ಪ ಇಂಗಾಲಾಮ್ಲ ಅನಿಲ ನಾಲಿಗೆಗೆ ಚುರುಕು ಕೊಡುತ್ತದೆ.

ಆದರೆ ಗಸಿ ಶುದ್ಧವಾಗಿದ್ದರೆ ಮಾತ್ರ ಈ ಲಾಭ. ಇಲ್ಲಿ ಹೊಣೆ ತೋಟದವನದು. ಬೂದಿ ರೋಗಕ್ಕೆ ಹಾಕಿದ ಗಂಧಕದ ಪುಡಿ ಕೊಯ್ಲಿನ ವೇಳೆಗೆ ಗೊಂಚಲಿನ ಮೇಲೆ ಉಳಿದಿದ್ದರೆ, ಯೀಸ್ಟ್ ಅದನ್ನು ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಮಾರ್ಪಡಿಸುತ್ತದೆ. ದಪ್ಪ ಗಸಿಯ ಮೇಲೆ ಬಿಟ್ಟಷ್ಟೂ ಈ ವಾಸನೆ ಬಲಿಯುವ ಭಯವುಂಟು. ಆದುದರಿಂದ ಗಂಧಕದ ಕೊನೆಯ ಬಳಕೆಗೂ ಕೊಯ್ಲಿಗೂ ನಡುವೆ ಸಾಕಷ್ಟು ಅಂತರವಿರಬೇಕು. ಎಷ್ಟು ದಿನವೆಂಬುದನ್ನು ಹಣ್ಣು ಕೊಳ್ಳುವ ವೈನ್ ತಯಾರಕರಿಂದ ಮೊದಲೇ ತಿಳಿದುಕೊಳ್ಳಿ. ಕೊಳೆತ ಗೊಂಚಲುಗಳನ್ನು ಬಳ್ಳಿಯ ಬುಡದಲ್ಲೇ ಬೇರ್ಪಡಿಸತಕ್ಕದ್ದು.

ಇಂಥ ವೈನಿನ ಜೀವ ಹುಳಿಯಲ್ಲಿದೆ. ಫೆಬ್ರವರಿ-ಮಾರ್ಚ್ ತಿಂಗಳ ಬಿಸಿಲಿಗೆ ನಮ್ಮ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಸಕ್ಕರೆಯಂಶ ಒಂದನ್ನೇ ನೋಡಿ ಕಾಯದೆ ಹುಳಿಯನ್ನೂ ಪರೀಕ್ಷಿಸಿ, ಬೆಳಗಿನ ತಂಪಿನಲ್ಲಿ ಕೊಯ್ಯುವುದು ಲೇಸು.

ಮುಸ್ಕಾದೆಯವರೂ ಒಮ್ಮೆ ಎಡವಿದರು. 20ನೇ ಶತಮಾನದ ಕೊನೆಯಲ್ಲಿ ಬರೀ ಇಳುವರಿಯ ಬೆನ್ನು ಹತ್ತಿ ಸಪ್ಪೆ ವೈನು ಮಾರಿದ್ದರಿಂದ ಹೆಸರು ಕೆಟ್ಟು, ಬೆಲೆ ಬಿದ್ದು, ಅನೇಕರು ಬಳ್ಳಿ ಕಿತ್ತರು. 2011ರಲ್ಲಿ ಕ್ಲಿಸೋನ್, ಗೋರ್ಜ್, ಲ ಪಾಲೆ ಎಂಬ ಮೂರು ಊರುಗಳ ವೈನಿಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಅಲ್ಲಿ ಇಳುವರಿಗೆ ಬಿಗಿ ಮಿತಿಯಿದೆ. ವೈನು ಗಸಿಯ ಮೇಲೆ ಸುಮಾರು ಒಂದೂವರೆ-ಎರಡು ವರ್ಷ ಇರುತ್ತದೆ. ಬಿದ್ದ ಬೆಲೆಯನ್ನು ಎತ್ತಲು ಇದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ.

ನಾಂತ್ ಜನ ಇದನ್ನು ಕಡಲಚಿಪ್ಪಿನ ಮಾಂಸದೊಂದಿಗೆ, ಬೆಣ್ಣೆಯ ಗೊಜ್ಜು ಹಾಕಿದ ಹೊಳೆಮೀನಿನೊಂದಿಗೆ ಸೇವಿಸುತ್ತಾರೆ. ನಿಂಬೆರಸ ಹಿಂಡಿದಂತೆ ಇದರ ಹುಳಿ ಜಿಡ್ಡನ್ನು ಕಡಿಯುತ್ತದೆ. ನಮ್ಮ ಕರಾವಳಿಯ ಹುರಿದ ಮೀನಿಗೂ ಹೊಂದೀತು. ಖಾರದ ಸಾರಿಗೆ ಹೊಂದದು. 8ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಇದಕ್ಕಿಂತ ತಣ್ಣಗೆ ಮಾಡಿದರೆ ರುಚಿಯೇ ತಿಳಿಯದು.