ಮಣ್ಣೂರದ ಮನೆಯಲ್ಲೇ ಒಂದು ‘ಪಿಪ್ಪಾ’

1971ರ ನವೆಂಬರ್‌ನಲ್ಲಿ ಪೂರ್ವ ಬಂಗಾಳದ ಗರೀಬ್‌ಪುರದಲ್ಲಿ ಕಾದಿದ ನಮ್ಮ ಸೇನೆಯ 45 ಕ್ಯಾವಲ್ರಿಯವರು ತಮ್ಮ ಪಿಟಿ–76 ಟ್ಯಾಂಕನ್ನು ಕರೆಯುತ್ತಿದ್ದುದು ‘ಪಿಪ್ಪಾ’ ಎಂದು. ತುಪ್ಪದ ಖಾಲಿ ಡಬ್ಬಿಯ ಹಾಗೆ ನೀರಲ್ಲಿ ತೇಲುತ್ತದಲ್ಲ, ಅದಕ್ಕೆ! 2023ರಲ್ಲಿ ಅದೇ ಹೆಸರಿನ ಸಿನಿಮಾ ಬಂತು. ಭೀಮಾ ದಂಡೆಯ ನಮ್ಮ ಮಕ್ಕಳಿಗೆ ನೀರಿಗಿಳಿಯುವ ಟ್ಯಾಂಕಿಗಿಂತ ಚೆಂದದ್ದು ಬೇರೆ ಯಾವುದಿದೆ? ರಿಮೋಟ್ ಟ್ಯಾಂಕ್ ಆಟಿಕೆಯೊಂದಿದ್ದರೆ ಅದನ್ನೇ ಪಿಪ್ಪಾ ಮಾಡಬಹುದು.

ಹಂತ 1: ಎಡ–ಬಲ ಪಟ್ಟಿಗಳಿಗೆ ಬೇರೆಬೇರೆ ಮೋಟಾರ್ ಇರುವ ಆಟಿಕೆ ಆರಿಸಿ. ಬದಿಗೆ ಆರಾರು ಗಾಲಿ ಇರಲಿ. ಪಿಟಿ–76ಕ್ಕೆ ಇರುವುದು ಅಷ್ಟೇ.

ಹಂತ 2: ಬ್ಯಾಟರಿ ತೆಗೆದು, ಅಡಿಯ ಸ್ಕ್ರೂ ಬಿಚ್ಚಿ, ಮೇಲ್ಕವಚ ಎತ್ತಿ. ವೈರು ಕೀಳುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಹಂತ 3: ಅಳತೆ. ಇಲ್ಲಿ ಅವಸರ ಬೇಡ. ಅಸಲಿ ಟ್ಯಾಂಕಿನ ಒಡಲು 6.91 ಮೀಟರ್ ಉದ್ದ, 3.14 ಮೀಟರ್ ಅಗಲ. 24ರಿಂದ ಭಾಗಿಸಿದರೆ ಸುಮಾರು 29 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ. ನಿಮ್ಮ ಆಟಿಕೆ ದೊಡ್ಡದಿದ್ದರೆ ಭಾಜಕ ಬದಲಿಸಿ, ಆದರೆ ಎಲ್ಲ ಅಳತೆಗೂ ಒಂದೇ ಭಾಜಕ ಇರಲಿ. ಸಣ್ಣಪುಟ್ಟ ಕುಸುರಿ ತಪ್ಪಿದರೆ ಯಾರಿಗೂ ಕಾಣದು. ಪ್ರಮಾಣ ತಪ್ಪಿದರೆ ಅದು ಪಿಪ್ಪಾ ಅಲ್ಲ.

ಹಂತ 4: ಸನ್‌ಬೋರ್ಡ್ ಕತ್ತರಿಸಿ ಒಡಲು ಕಟ್ಟಿ. ಮೂತಿ ದೋಣಿಯಂತೆ ಚೂಪಾಗಿರಲಿ, ಅದರ ಮೇಲೆ ಅಲೆ ತಡೆಯುವ ಹಲಗೆ. ಗೋಪುರ ಬೋರಲು ಹಾಕಿದ ಬಟ್ಟಲಿನಂತೆ. ಅದು ಕೂರುವುದು ನಡುವಿನಲ್ಲಲ್ಲ, ತುಸು ಮುಂದೆ, 2ರಿಂದ 4ನೇ ಗಾಲಿಗಳ ಮೇಲೆ. ಹಿಂಬದಿಗೆ ನೀರು ಚಿಮ್ಮುವ ಎರಡು ದುಂಡು ಕಿಂಡಿ. ಫಿರಂಗಿ ಮೂತಿಗಿಂತ 3 ಸೆಂ.ಮೀ. ಮುಂದೆ ಚಾಚಲಿ. ಡಬ್ಬಿಯ ಹೆಸರೆಂದು ತಗಡು ಬಳಸಬೇಡಿ: ರಿಮೋಟಿನ ಸಿಗ್ನಲ್ ಒಳಗೆ ತಲುಪದು, ತೂಕಕ್ಕೆ ಗೇರಿನ ಹಲ್ಲು ಸವೆಯುತ್ತದೆ. ಬ್ಯಾಟರಿ ತೆಗೆಯಲು ಬರುವಂತೆ ಮೇಲ್ಭಾಗವನ್ನು ಅಂಟಿಸದೆ ಸ್ಕ್ರೂ ಹಾಕಿ.

ಹಂತ 5: ಮಿಲಿಟರಿ ಹಸಿರು ಅಕ್ರಿಲಿಕ್ ಬಣ್ಣ ತೆಳ್ಳಗೆ ಎರಡು ಸಲ. ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಗುರುತುಗಳನ್ನು ಹಾಗೇ ಬರೆಯಿರಿ.

ಹಂತ 6: ಕೆಸರು. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ನಮ್ಮ ಹೊಲದ ಎರೆಮಣ್ಣು ಬಂಗಾಳದ ಕೆಸರಿಗಿಂತ ಕಪ್ಪು. ಅದನ್ನು ಬಟ್ಟೆಯಲ್ಲಿ ಸೋಸಿ, ಬಣ್ಣ ತಿಳಿಯಾಗಲು ಅಷ್ಟೇ ಒಲೆಬೂದಿ ಬೆರೆಸಿ, ನೀರು ಹಾಕಿದ ಫೆವಿಕಾಲ್‌ನಲ್ಲಿ ಕಲಸಿ. ಗಾಲಿಗಳ ಸುತ್ತ, ಒಡಲಿನ ಕೆಳ ಅಂಚಿಗೆ ಕುಂಚದಿಂದ ಮೆತ್ತಿ. ಗಾಲಿ ತಿರುಗುವ ಸಂದಿಗೆ ಹೋಗದಿರಲಿ.

ಒಣಗಲು ಒಂದು ರಾತ್ರಿ ಬಿಡಿ. ಆಮೇಲೆ ಅಂಗಳದಲ್ಲಿ ಓಡಿಸಿ. ಅಸಲಿ ಪಿಪ್ಪಾ ತೇಲುತ್ತಿತ್ತು, ಇದು ತೇಲದು. ಅಚ್ಚಿನ ತೂತುಗಳಿಂದ ನೀರು ನುಗ್ಗುತ್ತದೆ. ಮಕ್ಕಳ ಕೈಗೆ ಕೊಡುವಾಗಲೇ ಹೇಳಿಬಿಡಿ, ಇದನ್ನು ಹಿಡಿದು ಹೊಳೆಗೆ ಹೋಗಬಾರದೆಂದು.