ಸರ್ವರ್ ಮುಟ್ಟುವ ಮೊದಲು

ನೋಡು ಮಾರಾಯ, ಮುಂಬೈ ಫೋರ್ಟಿನ ಆಡಿಟರ್ ಆಫೀಸುಗಳಲ್ಲಿ ಸಿಸ್ಟಮ್ ನೋಡಿಕೊಳ್ಳುವ ಕೆಲಸ ಹಿಡಿದಿದ್ದೀಯ, ಒಳ್ಳೆಯದೇ ಆಯಿತು. ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಯಾರಿಗೂ ಊಟದ ನೆನಪಿರುವುದಿಲ್ಲ. ಅಂಥ ಹೊತ್ತಿನಲ್ಲೇ ‘ಶೇರ್ ಫೋಲ್ಡರ್ ಓಪನ್ ಆಗ್ತಾ ಇಲ್ಲ’ ಅಂತ ಫೋನ್ ಬರುವುದು. ಆಗ ಮೊದಲು ಒಂದೇ ಮಾತು ಕೇಳು: ಒಬ್ಬರಿಗೋ, ಎಲ್ಲರಿಗೋ? ಒಬ್ಬರಿಗೆ ಮಾತ್ರ ಆದರೆ ಸರ್ವರ್ ಕಡೆ ಕೈ ಹಾಕಬೇಡ. ಅದನ್ನು ರೀಸ್ಟಾರ್ಟ್ ಮಾಡಿದೆಯೋ, ಉಳಿದವರು ಟ್ಯಾಲಿಯಲ್ಲಿ ತುಂಬುತ್ತಿದ್ದ ವೋಚರ್ ಅರ್ಧಕ್ಕೆ ನಿಂತು ಡೇಟಾನೇ ಕೆಟ್ಟೀತು.

ಆಮೇಲೆ ಎರರ್ ನಂಬರಿನ ಫೋಟೋ ತರಿಸಿಕೋ. 53 ಅಂತಲೋ 80070035 ಅಂತಲೋ ಇದ್ದರೆ ಎರಡೂ ಒಂದೇ. ಹದಿನಾರರ ಲೆಕ್ಕದ 35 ನಮ್ಮ ಲೆಕ್ಕಕ್ಕೆ 53 ತಾನೆ. ಸರ್ವರ್‌ವರೆಗೆ ದಾರಿಯೇ ಸಿಕ್ಕಿಲ್ಲ ಅಂತ ಅರ್ಥ. ಹೆಸರಿನ ಬದಲು ಐಪಿ ಹಾಕಿ ನೋಡು. ತೆರೆದರೆ ತಕರಾರು ಹೆಸರಿನದು. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಸರ್ವರಿಗೆ ಬೇರೆ ಐಪಿ ಕೊಟ್ಟಿರುವುದೂ ಉಂಟು; ಅದಕ್ಕೇ ಸರ್ವರಿಗೆ ಖಾಯಂ ಐಪಿ ಇರಲಿ. ಪಿಂಗ್ ಹೋಗುತ್ತದೆ, ಫೋಲ್ಡರ್ ಮಾತ್ರ ಬರುವುದಿಲ್ಲ ಅಂದರೆ 445ನೇ ಪೋರ್ಟ್ ಮುಚ್ಚಿದೆಯೇ ನೋಡು. ಹೊಸ ರೂಟರ್ ಹಾಕಿದ ದಿನ ವಿಂಡೋಸ್ ಆಫೀಸಿನ ನೆಟ್‌ವರ್ಕನ್ನೇ ‘ಪಬ್ಲಿಕ್’ ಅಂದುಕೊಂಡು ಫೈರ್‌ವಾಲಿನ ಬಾಗಿಲು ಹಾಕಿಬಿಡುವುದುಂಟು.

1326 ಬಂದರೆ ಯೂಸರ್ ನೇಮೋ ಪಾಸ್‌ವರ್ಡೋ ತಪ್ಪಿದೆ. 1219 ಬಂದರೆ ಆ ಕಂಪ್ಯೂಟರ್ ಅದೇ ಸರ್ವರಿಗೆ ಆಗಲೇ ಇನ್ನೊಂದು ಹೆಸರಿನಲ್ಲಿ ಹೊಕ್ಕು ಕುಳಿತಿದೆ. ಹಳೆಯ ಕನೆಕ್ಷನ್ ತೆಗೆದರೆ ಸರಿಹೋಗುತ್ತದೆ.

‘ಆಕ್ಸೆಸ್ ಡಿನೈಡ್’ ಬಂದಾಗಲೇ ನಿನ್ನ ಪರೀಕ್ಷೆ. ಅಲ್ಲಿ ಶೇರಿನ ಪರ್ಮಿಶನ್ ಒಂದು, ಡಿಸ್ಕಿನ ಎನ್‌ಟಿಎಫ್‌ಎಸ್ ಪರ್ಮಿಶನ್ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. ಒಂದನ್ನೇ ಸಡಿಲಿಸಿ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಸಾಹೇಬರು ಹಿಂದೆ ನಿಂತು ‘ಜಲ್ದಿ ಕರೋ’ ಅನ್ನುತ್ತಿದ್ದರೆ ಎರಡೂ ಕಡೆ ‘ಎವ್ರಿವನ್’ಗೆ ‘ಫುಲ್ ಕಂಟ್ರೋಲ್’ ಕೊಡೋಣ ಅನ್ನಿಸುತ್ತದೆ. ಕೊಡಬೇಡ. ಕೊಟ್ಟರೆ ನಿನ್ನೆ ಸೇರಿದ ಆರ್ಟಿಕಲ್ ಹುಡುಗನಿಗೂ ಎಲ್ಲ ಕ್ಲೈಂಟುಗಳ ಫೈಲ್ ಓದುವ, ಅಳಿಸುವ ಹಕ್ಕು ಸಿಕ್ಕಂತಾಯಿತು. ಫೋಲ್ಡರ್ ತೆರೆಯದೆ ಕುಳಿತವರು ಯಾವ ಗ್ರೂಪಿನಲ್ಲಿ ಇರಬೇಕಿತ್ತೋ ಅಲ್ಲಿಗೆ ಸೇರಿಸಿ, ಒಮ್ಮೆ ಲಾಗ್ ಆಫ್ ಮಾಡಿಸಿ ಮತ್ತೆ ಒಳಗೆ ಬರಲು ಹೇಳು. ಇದನ್ನು ಮರೆತೇ ಅರ್ಧ ದಿನ ಕಳೆಯುವವರಿದ್ದಾರೆ.

ಇನ್ನು ಆಫೀಸಿನ ಹಳೆಯ ಝೆರಾಕ್ಸ್ ಮಷೀನ್. ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬರುತ್ತಿಲ್ಲ ಅಂತ ಗಲಾಟೆ ಎದ್ದೇ ಏಳುತ್ತದೆ. ಅದಕ್ಕೆ ಬರುವುದು ಫೈಲ್ ಹಂಚಿಕೊಳ್ಳುವ ಹಳೆಯ ಭಾಷೆಯಾದ ಎಸ್‌ಎಂಬಿ 1 ಒಂದೇ ಇರಬಹುದು. 2017ರ ಕೊನೆಯಿಂದ ವಿಂಡೋಸ್ ಅದನ್ನು ತಾನಾಗಿ ಹಾಕಿಕೊಡುವುದಿಲ್ಲ. ಹುಡುಕಿ ಆನ್ ಮಾಡಿದರೆ ಎರಡು ನಿಮಿಷದ ಕೆಲಸ, ನಿಜ. ಆದರೆ 2017ರ ಜೂನ್ 27 ನೆನಪಿರಲಿ. ಉಕ್ರೇನಿನ ಒಂದು ಲೆಕ್ಕಪತ್ರದ ಸಾಫ್ಟ್‌ವೇರಿನಿಂದ ಹೊರಟ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ನಮ್ಮ ನ್ಹಾವಾ ಶೇವಾದ ಬಂದರಿನಲ್ಲಿ ಒಂದು ಕಂಟೇನರ್ ಟರ್ಮಿನಲ್ಲಿನ ಕೆಲಸವನ್ನೇ ನಿಲ್ಲಿಸಿತು. ಅದು ಹಬ್ಬಿದ ದಾರಿಗಳಲ್ಲಿ ಈ ಎಸ್‌ಎಂಬಿ 1ರ ತೂತೂ ಒಂದು. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕದವರೇ ಎಷ್ಟೋ ಮಂದಿ. ಮಷೀನಿಗೆ ಹೊಸ ಫರ್ಮ್‌ವೇರ್ ಸಿಗುತ್ತದೆಯೇ ಕೇಳು; ಇಲ್ಲವಾದರೆ ಸ್ಕ್ಯಾನ್ ಈಮೇಲಿಗೋ ಪೆನ್‌ಡ್ರೈವಿಗೋ ಹೋಗಲಿ. ಸಾಹೇಬರು ಗೊಣಗಿದರೆ ಹೊಸ ಮಷೀನಿನ ಕೊಟೇಶನ್ ತರಿಸಿ ಮೇಜಿನ ಮೇಲಿಡು.