ಯಂತ್ರಕ್ಕೆ ಮೂಗಿಲ್ಲ

ಪ್ರಶ್ನೆ: 10,000 ಮೊಟ್ಟೆಕೋಳಿ ಸಾಕಿದ್ದೇನೆ. ಚೀಲ ಹೊತ್ತು ಫೀಡ್ ಹಾಕಲು ಆಳು ಸಿಗುತ್ತಿಲ್ಲ. ಫೀಡ್ ತುಂಬಿಡುವ ಸೈಲೋ ಹಾಕಿಸೋಣವೆಂದರೆ, ಮಾರುವವರು ‘15 ಟನ್ನಿನದೇ ತಗೊಳ್ಳಿ, ಮುಂದಕ್ಕೂ ಆಗುತ್ತದೆ’ ಎನ್ನುತ್ತಾರೆ. ಸರಿಯೇ?
— ಸಾಕಣೆದಾರರು, ಹೊಸಪೇಟೆ

ಉತ್ತರ: ಮೊದಲು ಕೋಳಿಯ ಹೊಟ್ಟೆಯ ಲೆಕ್ಕ ಹಾಕಿ. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ನಿಮ್ಮ ಶೆಡ್ಡಿಗೆ 1,100 ಕಿಲೋ ಆಯಿತು. 50 ಕಿಲೋದ 22 ಚೀಲ. 15 ಟನ್ ತುಂಬಿಸಿದರೆ ಮುಗಿಯಲು ಸುಮಾರು ಎರಡು ವಾರ ಬೇಕು. ಮಳೆಗಾಲದಲ್ಲಿ ಅಷ್ಟು ದಿನ ಇಡುವುದು ಬೇಡ. ನಾಲ್ಕೈದು ಟನ್ನಿನ ಎರಡು ಹಾಕಿಸಿ. ಒಂದರಿಂದ ಕೋಳಿಗೆ ಹೋಗುತ್ತಿರುವಾಗ ಇನ್ನೊಂದನ್ನು ಪೂರ್ತಿ ಬರಿದು ಮಾಡಿ, ಗುಡಿಸಿ, ತುಂಬಿಸಬಹುದು. ಪುಡಿ ಫೀಡ್ ಪೆಲೆಟ್‌ಗಿಂತ ಹೆಚ್ಚು ಜಾಗ ಹಿಡಿಯುತ್ತದೆ; ಮಾರುವವರು ಹೇಳುವ ಟನ್ ಯಾವುದರದ್ದೆಂದು ಕೇಳಿಕೊಳ್ಳಿ. ಸೈಲೋ ಬೇಲಿಯ ಅಂಚಿಗಿರಲಿ. ಫಾರ್ಮಿಂದ ಫಾರ್ಮಿಗೆ ಸುತ್ತುವ ಲಾರಿ ಹೊರಗೇ ನಿಂತು ಸುರಿದು ಹೋದರೆ ರೋಗ ಒಳಗೆ ಬರುವ ಒಂದು ದಾರಿ ಮುಚ್ಚಿದಂತೆ.

ಪ್ರಶ್ನೆ: ಸೈಲೋದಲ್ಲಿ ಫೀಡ್ ಕಟ್ಟಿಕೊಂಡು ಮೋಟಾರು ಬರಿದೇ ತಿರುಗುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಗಡ್ಡೆಗಡ್ಡೆಯಾಗಿ ಬೀಳುತ್ತದೆ. ಏನು ಮಾಡಲಿ?
— ಸಾಕಣೆದಾರರು, ಹರಿಹರ

ಉತ್ತರ: ಮೊದಲು ಸುತ್ತಿಗೆ ಕೆಳಗಿಡಿ. ಬಡಿದಲ್ಲೆಲ್ಲ ತಗಡು ತಗ್ಗಾಗುತ್ತದೆ, ಮುಂದಿನ ಸಲ ಫೀಡ್ ಅಲ್ಲೇ ಕೂರುತ್ತದೆ. ಬೆಳಗಿನ ಜಾವ ಏಣಿ ಹತ್ತಿ ಮುಚ್ಚಳದ ಒಳಮೈಗೆ ಬೆರಳಾಡಿಸಿ ನೋಡಿ. ಒದ್ದೆಯಾಗಿದ್ದರೆ ಕಳ್ಳ ಸಿಕ್ಕಂತೆ. ಹಗಲು ಬಿಸಿಗೆ ಫೀಡಿನ ತೇವ ಮೇಲೇರಿ, ರಾತ್ರಿ ತಣ್ಣನೆಯ ತಗಡಿಗೆ ಹನಿಗಟ್ಟಿ, ಗೋಡೆಗುಂಟ ಇಳಿಯುತ್ತದೆ. ಮೆಕ್ಕೆಜೋಳದ ತೇವ ಶೇ 12ರ ಆಸುಪಾಸಿನಲ್ಲಿರಲಿ; ಗಿರಣಿಯಿಂದ ಬಿಸಿಬಿಸಿ ಬಂದ ಫೀಡನ್ನು ಆರಿಸಿಯೇ ತುಂಬಿಸಿ. ಮುಗ್ಗಲು ವಾಸನೆಯ ಗಡ್ಡೆಯನ್ನು ಪುಡಿಮಾಡಿ ಕೋಳಿಗೆ ಹಾಕಬೇಡಿ. ಬೂಸ್ಟನ್ನು ಒರೆಸಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷವನ್ನಲ್ಲ. ಗಡ್ಡೆ ಬಿಡಿಸಲೆಂದು ಯಾರನ್ನೂ ಸೈಲೋದೊಳಗೆ ಇಳಿಸಬೇಡಿ. ಫೀಡ್ ಕುಸಿದರೆ ಉಸಿರು ಕಟ್ಟುತ್ತದೆ.

ಪ್ರಶ್ನೆ: ತೊಟ್ಟಿಯುದ್ದಕ್ಕೂ ಫೀಡ್ ಎಳೆದೊಯ್ಯುವ ಚೈನ್ ಫೀಡರ್ ಬಂದ ಮೇಲೆ ಹಳೆಯ ಆಳನ್ನು ಬಿಡಿಸಿದೆ. ಈಗ ಸಾಲಿನ ಕೊನೆಯ ಕೋಳಿಗಳ ಮೊಟ್ಟೆಗಳು ತೆಳು ಚಿಪ್ಪಿನವಾಗಿವೆ. ಫೀಡ್ ಎಲ್ಲಕ್ಕೂ ಒಂದೇ ಅಲ್ಲವೇ?
— ಸಾಕಣೆದಾರರು, ಮಾಲೂರು

ಉತ್ತರ: ಸೈಲೋದಲ್ಲಿ ಒಂದೇ, ತೊಟ್ಟಿಯಲ್ಲಿ ಅಲ್ಲ. ಚೈನು ನಿಧಾನವಾಗಿ ಸಾಗಿದರೆ ಮೊದಲ ಕೋಳಿಗಳು ಜೋಳದ ನುಚ್ಚು, ಚಿಪ್ಪು ಗಟ್ಟಿಮಾಡುವ ಶೆಲ್‌ಗ್ರಿಟ್ ಆರಿಸಿ ತಿಂದುಬಿಡುತ್ತವೆ. ಕೊನೆಯವಕ್ಕೆ ಬರೀ ಹುಡಿ. ಬಿಳಿ ಬಟ್ಟೆಯ ಮೇಲೆ ಸಾಲಿನ ಎರಡೂ ತುದಿಯಿಂದ ಒಂದೊಂದು ಹಿಡಿ ಹಾಕಿ ಹೋಲಿಸಿ, ಕಣ್ಣಿಗೇ ಕಾಣುತ್ತದೆ. ಚೈನು ಸಾಲಿನ ನಡುವೆ ನಿಲ್ಲದೆ ಪೂರ್ತಿ ಸುತ್ತು ಬರುವಂತೆ ಟೈಮರ್ ಇಡಿ. ದಿನಕ್ಕೊಮ್ಮೆ ತೊಟ್ಟಿ ಖಾಲಿಯಾಗಲು ಬಿಟ್ಟರೆ ಹುಡಿಯನ್ನೂ ತಿನ್ನುತ್ತವೆ.

ಆ ಆಳನ್ನು ಸಾಧ್ಯವಾದರೆ ಮರಳಿ ಕರೆಯಿರಿ. ಚೀಲ ಬಿಚ್ಚುವಾಗ ಫೀಡ್ ಮೂಸಿ, ‘ಇದು ಬೇಡ ಅಣ್ಣಾ’ ಎಂದು ಬದಿಗಿಡುತ್ತಿದ್ದವನು ಅವನೇ ಅಲ್ಲವೇ? ಆ ಕೆಲಸ ಈಗ ಯಾರ ಪಾಲಿಗೂ ಇಲ್ಲ. ಅವನ ಬೆನ್ನಿಗೆ ಚೀಲ ಬೇಡ. ಬೆಳಿಗ್ಗೆ ಸಂಜೆ ಸಾಲಿನ ಉದ್ದಕ್ಕೂ ನಡೆಯಲಿ, ಕರೆಂಟು ಹೋದ ದಿನಕ್ಕೆಂದು ನಾಲ್ಕು ಬಕೀಟು ತೆಗೆದಿಟ್ಟಿರಲಿ.